ಬಸುರಿಯ ರಕ್ತದ ಲೆಕ್ಕ ಮನೆಗೆಲ್ಲ ಗೊತ್ತಿರಲಿ



ದೇವದೂತನ ಸಂದೇಶ ಕೇಳಿದ ಮೇಲೆ ಮರಿಯಮ್ಮನವರು ಮೊದಲು ಮಾಡಿದ ಕೆಲಸ ಯಾವುದು? ಬಂಧುವಾದ ಎಲಿಜಬೇತಮ್ಮನವರು ಮುಪ್ಪಿನ ವಯಸ್ಸಿನಲ್ಲಿ ಗರ್ಭಿಣಿಯಾಗಿದ್ದಾರೆ, ಆಗಲೇ ಆರನೆಯ ತಿಂಗಳು ಎಂದು ತಿಳಿದೊಡನೆ ಬೆಟ್ಟದ ನಾಡಿಗೆ ಅವಸರದಿಂದ ಹೊರಟರು. ಸುಮಾರು ಮೂರು ತಿಂಗಳು ಅವರ ಮನೆಯಲ್ಲೇ ಉಳಿದರು ಎಂದು ಸಂತ ಲೂಕನ ಶುಭಸಂದೇಶ ತಿಳಿಸುತ್ತದೆ. ಆರಕ್ಕೆ ಮೂರು ಕೂಡಿಸಿದರೆ ಒಂಬತ್ತು. ಬಸುರಿಗೆ ಆಸರೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಡೆಯ ಮೂರು ತಿಂಗಳಲ್ಲೇ ಮರಿಯಮ್ಮನವರು ಆ ಮನೆಯಲ್ಲಿದ್ದರು.

ಈ ಕಡೆಯ ಮೂರು ತಿಂಗಳಲ್ಲಿ ತಾಯಿಯ ಒಡಲಲ್ಲಿ ಏನು ನಡೆಯುತ್ತದೆ? ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ಏನು ನಡೆದಿರುತ್ತದೆ? ಆಗ ಮನೆಯವರಾದ ನಮ್ಮ ಕೆಲಸವೇನು? ಈ ವಾರದ ಪಾಠದಲ್ಲಿ ಇದನ್ನೇ ನೋಡೋಣ.

1. ಕಬ್ಬಿಣದ ನಾಡಿನಲ್ಲಿ ಕಬ್ಬಿಣದ ಕೊರತೆ

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೋದವರಿಗೆಲ್ಲ ಆ ಕೆಂಪು ಧೂಳಿನ ಪರಿಚಯವಿದೆ. ರಸ್ತೆ ಕೆಂಪು, ಗಿಡದ ಎಲೆ ಕೆಂಪು, ಲಾರಿಯ ಗಾಲಿ ಕೆಂಪು. ಅದು ಅದಿರಿನ ಬಣ್ಣ. ದೋಣಿಮಲೈ ಗಣಿಯಿಂದ ಕಬ್ಬಿಣದ ಅದಿರು ತೆಗೆಯಲು ತೊಡಗಿ ನಲವತ್ತು ವರ್ಷಗಳ ಮೇಲಾಯಿತು. ದೇಶದ ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣ ಕೊಡುವ ನೆಲ ನಮ್ಮದು.

ಅದೇ ನೆಲದಲ್ಲಿ ಬದುಕುವ ಬಸುರಿಯ ರಕ್ತದಲ್ಲಿ ಕಬ್ಬಿಣವಿದೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ ಇತ್ತು. ಇಡೀ ದೇಶದಲ್ಲಿ ಅದು ಶೇ. 52.2. ಅಂದರೆ ನಮ್ಮ ರಾಜ್ಯದಲ್ಲಿ ಇಬ್ಬರು ಬಸುರಿಯರು ಎದುರು ನಿಂತರೆ ಹೆಚ್ಚು ಕಡಿಮೆ ಅವರಲ್ಲೊಬ್ಬಳಿಗೆ ರಕ್ತ ಸಾಲದು. ಅದೇ ಸಮೀಕ್ಷೆ ಸಂತೋಷದ ಸಂಗತಿಯೊಂದನ್ನೂ ಹೇಳುತ್ತದೆ: ರಾಜ್ಯದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಗಳಲ್ಲೇ ಆಗುತ್ತಿವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಯ ಬಾಗಿಲಿಗೆ ತಲುಪುತ್ತಿದ್ದಾರೆ. ಆದರೆ ಬರಿಗೈಯಲ್ಲಿ, ಮೈಯಲ್ಲಿ ರಕ್ತವಿಲ್ಲದೆ ತಲುಪುತ್ತಿದ್ದಾರೆ. ಕೊನೆಯ ದಿನ ಬಂದವಳಿಗೆ ವೈದ್ಯರು ಮಾಡಬಹುದಾದದ್ದು ಸ್ವಲ್ಪ. ಮೊದಲ ಎಂಟು ತಿಂಗಳಲ್ಲಿ ಮನೆ ಮಾಡಬಹುದಾದದ್ದು ಬಹಳ.

2. ಒಡಲೊಳಗಿನ ನಲವತ್ತು ವಾರ

ವೈದ್ಯರು ಬಸಿರನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಒಟ್ಟು 40 ವಾರ, 280 ದಿನ. ಈ ಲೆಕ್ಕದಲ್ಲೇ ಮುಂದೆ ನೋಡೋಣ.

ಮೊದಲ ಮೂರು ತಿಂಗಳು ಕಟ್ಟಡಕ್ಕೆ ಬುನಾದಿ ಹಾಕುವ ಕಾಲ. ಆರನೆಯ ವಾರದ ಹೊತ್ತಿಗೆ ಪುಟ್ಟ ಹೃದಯ ಮಿಡಿಯಲು ತೊಡಗುತ್ತದೆ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರದ ಕೊಳವೆ ಅದೇ ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು ಎರಡು ವಾರವೂ ಆಗಿರುವುದಿಲ್ಲ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ಆ ಕೊಳವೆ ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಎಂಬ ಜೀವಸತ್ವ ಬೇಕು. ಆದ್ದರಿಂದಲೇ ಮಗು ಬೇಕೆನ್ನುವ ದಂಪತಿಗಳು ಬಸಿರು ನಿಲ್ಲುವ ಮುಂಚೆಯೇ ವೈದ್ಯರನ್ನು ಕೇಳಿ ಫೋಲಿಕ್ ಆಮ್ಲದ ಗುಳಿಗೆ ಆರಂಭಿಸುವುದು ಒಳ್ಳೆಯದು. ಹತ್ತನೆಯ ವಾರ ಕಳೆಯುವಷ್ಟರಲ್ಲಿ ಮುಖ್ಯ ಅಂಗಗಳಿಗೆಲ್ಲ ಮೊದಲ ರೂಪ ಬಂದಿರುತ್ತದೆ. ಹನ್ನೆರಡನೆಯ ವಾರದಲ್ಲಿ ಮಗು ತಲೆಯಿಂದ ಪೃಷ್ಠದವರೆಗೆ ಐದಾರು ಸೆಂಟಿಮೀಟರ್. ಬೆರಳುಗಳಿವೆ, ಉಗುರಿನ ಗುರುತೂ ಇದೆ. ತೂಕ ಮಾತ್ರ ಒಂದು ಹಿಡಿ ಅಕ್ಕಿಗಿಂತ ಕಡಿಮೆ.

ನಡುವಿನ ಮೂರು ತಿಂಗಳು ಬೆಳವಣಿಗೆಯ ಕಾಲ. ಚೊಚ್ಚಲ ಬಸುರಿಗೆ 18ರಿಂದ 20 ವಾರದ ಸುಮಾರಿಗೆ ಮಗು ಮಿಸುಕಿದ್ದು ತಿಳಿಯುತ್ತದೆ. ಎರಡನೆಯ ಸಲದವರಿಗೆ ಇನ್ನೂ ಸ್ವಲ್ಪ ಮುಂಚೆ. ಇಪ್ಪತ್ತನೆಯ ವಾರದಲ್ಲಿ ಮಗುವಿನ ತೂಕ ಸುಮಾರು 300 ಗ್ರಾಂ. 25ನೆಯ ವಾರದ ಹೊತ್ತಿಗೆ ಹೊರಗಿನ ಶಬ್ದಕ್ಕೆ ಅದು ಸ್ಪಂದಿಸುತ್ತದೆ. ಎಲಿಜಬೇತಮ್ಮನವರ ಮಗು ನಲಿದಾಡಿದ್ದೂ ಆರನೆಯ ತಿಂಗಳಲ್ಲೇ ಅಲ್ಲವೇ!

ಇನ್ನು ಕಡೆಯ ಮೂರು ತಿಂಗಳು. 28ನೆಯ ವಾರದಲ್ಲಿ ಸುಮಾರು ಒಂದು ಕಿಲೋ ಇದ್ದ ಮಗು 40 ವಾರಕ್ಕೆ ಮೂರು ಕಿಲೋ ಹತ್ತಿರ ಬರುತ್ತದೆ. ಹನ್ನೆರಡು ವಾರದಲ್ಲಿ ಮೂರು ಪಟ್ಟು! ಮಿದುಳು ಮಡಿಕೆ ಮಡಿಕೆಯಾಗಿ ಬಲಿಯುತ್ತದೆ, ಚರ್ಮದಡಿ ಕೊಬ್ಬು ಕೂಡುತ್ತದೆ, ಶ್ವಾಸಕೋಶ ಉಸಿರಾಟಕ್ಕೆ ಸಜ್ಜಾಗುತ್ತದೆ. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹುಟ್ಟಿದ ಮೇಲಿನ ಆರು ತಿಂಗಳಿಗೆ ಬೇಕಾಗುವ ಕಬ್ಬಿಣವನ್ನು ಮಗು ಈಗಲೇ ತಾಯಿಯಿಂದ ಪಡೆದು ತನ್ನ ಮೈಯಲ್ಲಿ ಕೂಡಿಡುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ ಇರುವುದರಿಂದ ದೇವರು ಮಾಡಿಟ್ಟ ಏರ್ಪಾಡು ಇದು.

3. ಕಾಲುವೆ ಮತ್ತು ಕೆರೆ

ಮಗುವಿಗೆ ಇದೆಲ್ಲ ಎಲ್ಲಿಂದ ಬರುತ್ತದೆ? ಹಂಪಿಗೆ ಹೋದಾಗ ಬಾಳೆ ತೋಟಗಳ ಪಕ್ಕ ಹರಿಯುವ ತುರ್ತು ಕಾಲುವೆ ನೋಡಿದ್ದೀರಿ. ವಿಜಯನಗರದ ಕಾಲದ ಕಾಲುವೆ ಇಂದಿಗೂ ತೋಟಕ್ಕೆ ನೀರುಣಿಸುತ್ತಿದೆ. ಮಗುವಿಗೆ ಹೊಕ್ಕುಳಬಳ್ಳಿ ಅಂಥದೊಂದು ಕಾಲುವೆ. ಅದು ಸೇರುವುದು ಮಾಸು ಅಥವಾ ಜರಾಯುವಿಗೆ. ತಾಯಿಯ ರಕ್ತವೂ ಮಗುವಿನ ರಕ್ತವೂ ಅಲ್ಲಿ ನೇರವಾಗಿ ಬೆರೆಯುವುದಿಲ್ಲ. ಕಾಲುವೆಯ ನೀರು ಏರಿಯಲ್ಲಿ ಒಸರಿ ಪಕ್ಕದ ಬಾವಿಗೆ ಇಳಿಯುವಂತೆ, ತೆಳುವಾದ ಪೊರೆಯ ಮೂಲಕ ಆಮ್ಲಜನಕ, ಸಕ್ಕರೆ, ಕಬ್ಬಿಣ, ಸುಣ್ಣದ ಅಂಶ ಎಲ್ಲವೂ ಮಗುವಿನ ಕಡೆಗೆ ದಾಟುತ್ತವೆ.

ಕೆರೆ ಬತ್ತಿದ್ದರೆ ಕಾಲುವೆ ಏನು ಮಾಡೀತು? ಆದರೂ ಇಲ್ಲೊಂದು ಅಚ್ಚರಿಯಿದೆ. ತಾಯಿಗೆ ಕಬ್ಬಿಣ ಕಡಿಮೆ ಇದ್ದರೂ ಜರಾಯು ಸುಮ್ಮನಿರುವುದಿಲ್ಲ. ತಾಯಿಯ ಕಣಜ ಬರಿದಾದರೂ ಮಗುವಿನ ಪಾಲನ್ನು ಎಳೆದು ಕೊಡಲು ನೋಡುತ್ತದೆ. ತಾಯ್ತನದ ತ್ಯಾಗವೆಂದು ನಾವು ಹಾಡಿ ಹೊಗಳುವುದು ಮೈಯ ಒಳಗೂ ನಡೆದಿರುತ್ತದೆ. ಅವಳು ಕೊಡುತ್ತಲೇ ಇರುತ್ತಾಳೆ. ಅವಳ ಕಣಜ ತುಂಬುವವರು ಯಾರು?

4. ಸಾವಿರ ಮಿಲಿಗ್ರಾಂ ಲೆಕ್ಕ

ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮಗುವಿಗೆ ಮತ್ತು ಜರಾಯುವಿಗೆ ಸುಮಾರು 300. ತಾಯಿಯ ರಕ್ತದ ಕೆಂಪು ಕಣಗಳು ಹೆಚ್ಚಲು ಸುಮಾರು 500. ದಿನದಿನದ ಸಹಜ ನಷ್ಟಕ್ಕೆ ಸುಮಾರು 200. ತಾಯಿಯ ರಕ್ತದ ಪ್ರಮಾಣ ಬಸಿರಿನಲ್ಲಿ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಏರುತ್ತದೆ ಎಂದರೆ ಈ ಖರ್ಚು ಯಾಕೆ ಇಷ್ಟು ದೊಡ್ಡದೆಂದು ತಿಳಿಯುತ್ತದೆ.

ಸಾವಿರ ಮಿಲಿಗ್ರಾಂ ಎಂದರೆ ಒಂದು ಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಸಂಡೂರಿನ ಒಂದು ಲಾರಿ ಅದಿರಿನಲ್ಲಿ ಲಕ್ಷಾಂತರ ತಾಯಂದಿರಿಗೆ ಸಾಲುವಷ್ಟು ಕಬ್ಬಿಣವಿದೆ. ಆದರೆ ಬೆಟ್ಟದ ಕಬ್ಬಿಣ ಹೊಟ್ಟೆಗೆ ಬರುವುದಿಲ್ಲ. ಮಣ್ಣು, ಬಳಪ, ಇದ್ದಿಲು, ಹಸಿ ಅಕ್ಕಿ ತಿನ್ನಬೇಕೆಂಬ ಆಸೆ ಕೆಲವು ಬಸುರಿಯರಿಗೆ ಬರುತ್ತದೆ. ಅದನ್ನು ಬರಿಯ ಬಯಕೆ ಎಂದು ನಕ್ಕು ಬಿಡಬೇಡಿ. ರಕ್ತ ಕಡಿಮೆಯಾಗಿದೆ ಎಂಬುದಕ್ಕೆ ಅದು ಗುರುತಾಗಿರಬಹುದು. ಕೆಮ್ಮಣ್ಣು ತಿಂದರೆ ರಕ್ತ ಹೆಚ್ಚುವುದಿಲ್ಲ, ಜಂತುಹುಳು ಹೆಚ್ಚುತ್ತದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಬ ಅಂಕಿ ಬರುತ್ತದೆ. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಗಂಡನಾದವನಿಗೆ ತನ್ನ ಗಾಡಿಯ ನಂಬರು ಗೊತ್ತಿರುತ್ತದೆ, ಕಬ್ಬಿನ ಟನ್ನಿನ ದರ ಗೊತ್ತಿರುತ್ತದೆ. ಹೆಂಡತಿಯ ಈ ಒಂದು ಅಂಕಿ ಗೊತ್ತಿದೆಯೇ?

5. ರಕ್ತ ಸಾಲದಿದ್ದರೆ

ರಕ್ತ ಕಡಿಮೆಯಾದ ಬಸುರಿಗೆ ಆಯಾಸ, ಏದುಸಿರು, ತಲೆಸುತ್ತು, ಎದೆಬಡಿತ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ಉಗುರು, ನಾಲಗೆ ಬಿಳಿಚುತ್ತವೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ಸೋಮಾರಿತನ ಎಂಬ ಹೆಸರು ಬೀಳುತ್ತದೆ. ಅವಧಿಗೆ ಮುಂಚೆ ಹೆರಿಗೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು, ಕಬ್ಬಿಣದ ಗಂಟು ಇಲ್ಲದೆ ಹುಟ್ಟಿ ಕೆಲವೇ ತಿಂಗಳಲ್ಲಿ ತಾನೂ ರಕ್ತಹೀನವಾಗುವ ಮಗು, ಇವು ಮುಂದಿನ ಅಪಾಯಗಳು.

ಎಲ್ಲಕ್ಕಿಂತ ದೊಡ್ಡ ಅಪಾಯ ಹೆರಿಗೆಯ ದಿನದ್ದು. ತುಂಬಿದ ತಿಂಗಳಲ್ಲಿ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡು ಆ ರಕ್ತನಾಳಗಳ ಬಾಯಿ ಕಟ್ಟಬೇಕು. ಬಿಗಿಯದಿದ್ದರೆ ತೂಬು ತೆರೆದ ಹಾಗೆ. ಮೈಯಲ್ಲಿ ರಕ್ತವಿದ್ದವಳು ಸ್ವಲ್ಪ ಹೊತ್ತು ತಡೆದುಕೊಂಡಾಳು, ಅಷ್ಟರಲ್ಲಿ ಚಿಕಿತ್ಸೆ ಸಿಕ್ಕೀತು. ಮೊದಲೇ ಬಿಳಿಚಿದವಳಿಗೆ ಆ ಸಮಯವೇ ಇರುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ತಾಯಂದಿರಲ್ಲಿ ಒಂದು ಅಧ್ಯಯನ ನಡೆಯಿತು. ಮಗು ಹುಟ್ಟಿದೊಡನೆ ಗರ್ಭಕೋಶವನ್ನು ಬಿಗಿಸುವ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ಅರ್ಧದಷ್ಟು ಮಂದಿಗೆ ಕೊಡಲಾಯಿತು. ಗುಳಿಗೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿರಕ್ತಸ್ರಾವವಾದರೆ, ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ ಬೇರೆ ದೇಶಗಳ ಬಡ ಹಳ್ಳಿಗಳಿಗೂ ದಾರಿ ತೋರಿತು. ಈಗ ಆಸ್ಪತ್ರೆಗಳಲ್ಲಿ ಹೆರಿಗೆಯಾದೊಡನೆ ಇದಕ್ಕಾಗಿಯೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಮಗು ಹುಟ್ಟಿದ ಮೇಲೆ ಒಂದು ನಿಮಿಷವಾದರೂ ತಡೆದು ಹೊಕ್ಕುಳಬಳ್ಳಿ ಕತ್ತರಿಸುವುದು ಕೂಡ ಒಳ್ಳೆಯ ಕ್ರಮ. ಅಷ್ಟರಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಸೇರಿ ಅದರ ಕಬ್ಬಿಣದ ಗಂಟು ಹೆಚ್ಚುತ್ತದೆ.

6. ತಟ್ಟೆಯಲ್ಲಿ ಏನಿದೆ?

ಕಂಪ್ಲಿಯ ಬಯಲು ಭತ್ತದ ಬಯಲು. ಅನ್ನ ನಮಗೆ ಧಾರಾಳ. ಆದರೆ ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಅಷ್ಟೇ ಜೋಳದಲ್ಲಿ ಸುಮಾರು 4, ರಾಗಿಯಲ್ಲಿ ನಾಲ್ಕೂವರೆ, ಸಜ್ಜೆಯಲ್ಲಿ 6ಕ್ಕೂ ಹೆಚ್ಚು, ಹುರುಳಿಯಲ್ಲಿ 8ಕ್ಕೂ ಹೆಚ್ಚು. ನಮ್ಮ ಅಜ್ಜಿಯರು ಉಣ್ಣುತ್ತಿದ್ದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ಮುದ್ದೆ, ಹುರುಳಿ ಸಾರು ಬಡವರ ಊಟವೆಂದು ಹಿಂದೆ ಬಿದ್ದವು. ಅವು ಬಸುರಿಯ ತಟ್ಟೆಗೆ ಮರಳಿ ಬರಬೇಕು. ಜೊತೆಗೆ ನುಗ್ಗೆಸೊಪ್ಪು, ಹರಿವೆ, ಮೆಂತ್ಯ, ಗುರೆಳ್ಳು ಚಟ್ನಿ, ಶೇಂಗಾ, ಮೊಳಕೆ ಬರಿಸಿದ ಹೆಸರುಕಾಳು. ಮಾಂಸಾಹಾರಿಗಳಾದ ನಮಗೆ ಇನ್ನೂ ಸುಲಭ. ಮೊಟ್ಟೆ, ಮೀನು, ಮಾಂಸದಿಂದ ಪ್ರೋಟೀನು, ಬಿ12 ಎರಡೂ ಸಿಗುತ್ತವೆ. ಮಾಂಸದ ಕಬ್ಬಿಣವನ್ನು ಮೈ ಸೊಪ್ಪಿನ ಕಬ್ಬಿಣಕ್ಕಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಭಾನುವಾರ ಪೂಜೆ ಮುಗಿಸಿ ಬಂದು ಮಾಡಿದ ಕೋಳಿ ಸಾರಿನಲ್ಲಿ ತುಂಡುಗಳು ಯಾರ ತಟ್ಟೆಗೆ, ಬರೀ ಸಾರು ಯಾರ ತಟ್ಟೆಗೆ ಎಂಬುದನ್ನು ಒಮ್ಮೆ ಗಮನಿಸಿ.

ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂಬುದೂ ನೆನಪಿರಲಿ. ಕಾಳು, ಸೊಪ್ಪಿನ ಕಬ್ಬಿಣದಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಹೆಚ್ಚು ಸೇರುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಇರುವುದೂ ಸೇರುವುದಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮೇಲೊಂದು ಚಹಾ ನಮ್ಮ ಹೊಸಪೇಟೆಯ ಪ್ರೀತಿಯ ತಿಂಡಿ. ಬಾಯಿಗೆ ರುಚಿ, ಆದರೆ ಬಸುರಿಯ ದಿನದ ಊಟ ಅದಾಗಬಾರದು. ಚಹಾ ಬೇಕೇ ಬೇಕೆಂದರೆ ಊಟಕ್ಕೂ ಅದಕ್ಕೂ ಒಂದು ತಾಸಿನ ಅಂತರವಿರಲಿ.

ಗದ್ದೆ ಕೆಲಸಕ್ಕೆ ಬರಿಗಾಲಲ್ಲಿ ಇಳಿಯುವವರಿಗೆ ಕೊಕ್ಕೆಹುಳುವಿನ ಕಾಟ. ಅದು ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಜಂತುಹುಳುವಿನ ಗುಳಿಗೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬೇಕು. ಹೊಗೆಸೊಪ್ಪು, ಕಡ್ಡಿಪುಡಿ ಬಿಡಬೇಕು. ಗಂಡ ಬೀಡಿ ಸೇದುವವನಾದರೆ ಮನೆಯ ಹೊರಗೆ ಹೋಗಲಿ; ಒಮ್ಮೆಗೇ ಬಿಟ್ಟರೆ ಇನ್ನೂ ಒಳ್ಳೆಯದು. ಆ ಹೊಗೆ ಮಗುವಿನ ತೂಕವನ್ನು ಕುಗ್ಗಿಸುತ್ತದೆ. ಸಾರಾಯಿ ಬಸುರಿಗೆ ಹನಿಯಷ್ಟೂ ಸಲ್ಲದು.

7. ಗುಳಿಗೆಯ ಮೇಲಿನ ಅಪವಾದಗಳು

ಆಹಾರವೊಂದರಿಂದಲೇ ಸಾವಿರ ಮಿಲಿಗ್ರಾಂ ತುಂಬುವುದು ಕಷ್ಟ. ಅದಕ್ಕೇ ಸರ್ಕಾರ ಕಬ್ಬಿಣದ ಗುಳಿಗೆ ಉಚಿತವಾಗಿ ಕೊಡುತ್ತದೆ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತ ಕಡಿಮೆಯಿದ್ದವರಿಗೆ ವೈದ್ಯರು ಹೆಚ್ಚಿಗೆ ಹೇಳುತ್ತಾರೆ, ಇಲ್ಲವೇ ರಕ್ತನಾಳದ ಮೂಲಕ ಕೊಡುತ್ತಾರೆ.

ಗುಳಿಗೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ! ಯಾಕೆ? ನಮ್ಮ ಕೇರಿಗಳಲ್ಲಿ ಕೇಳುವ ಮಾತುಗಳನ್ನೇ ತೆಗೆದುಕೊಳ್ಳೋಣ.

“ಗುಳಿಗಿ ನುಂಗಿದ್ರೆ ಕೂಸು ಕರ್ರಗಾಗ್ತೈತಿ.” ಇಲ್ಲ. ಕರ್ರಗಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಮಗುವಿನ ಬಣ್ಣ ತಂದೆತಾಯಿಯರಿಂದ ಬರುತ್ತದೆ. ಇನ್ನು ಕಪ್ಪಾದರೇನು? ದೇವರ ಕೈಯಿಂದ ಬಂದ ಬಣ್ಣಕ್ಕೆ ಕೊರತೆಯುಂಟೇ?

“ಬಾಳ ಉಂಡ್ರೆ ಕೂಸು ದಪ್ಪಾಗಿ ಹೆರಿಗಿ ಕಷ್ಟ ಆಗ್ತೈತಿ.” ಇದೂ ತಪ್ಪು. ಅರೆಹೊಟ್ಟೆಯಿಂದ ಹೆರಿಗೆ ಸುಲಭವಾಗುವುದಿಲ್ಲ. ತಾಯಿಯ ಶಕ್ತಿ ಕುಂದಿ ಮಗು ಸೊರಗುತ್ತದೆ.

“ಗುಳಿಗಿ ತಗಂಡ್ರೆ ವಾಂತಿ ಬರ್ತೈತಿ, ಹೊಟ್ಟಿ ಕಟ್ತೈತಿ.” ಇದು ನಿಜ. ಆಗ ಗುಳಿಗೆ ಎಸೆಯಬೇಡಿ. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ರಾತ್ರಿ ಮಲಗುವ ಮುಂಚೆ, ನಿಂಬೆ ನೀರಿನ ಜೊತೆ ತೆಗೆದುಕೊಂಡರೆ ಎಷ್ಟೋ ಮಂದಿಗೆ ಸರಿಹೋಗುತ್ತದೆ. ಸೊಪ್ಪು, ಹಣ್ಣು, ನೀರು ಹೆಚ್ಚು ಸೇವಿಸಿದರೆ ಮಲಬದ್ಧತೆ ತಗ್ಗುತ್ತದೆ. ಆದರೂ ಆಗದಿದ್ದರೆ ವೈದ್ಯರಿಗೆ ಹೇಳಿ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದನ್ನೂ ಒಟ್ಟಿಗೆ ನುಂಗಬಾರದು. ಒಂದು ಇನ್ನೊಂದನ್ನು ತಡೆಯುತ್ತದೆ. ಎರಡು ತಾಸಾದರೂ ಅಂತರವಿರಲಿ.

ಈ ಗುಳಿಗೆಯ ಹಿಂದೆ ನಮ್ಮ ದೇಶದ ಬಡ ತಾಯಂದಿರ ಕಥೆಯೊಂದಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳ ಕೆಲಸಗಾರ ಹೆಂಗಸರಲ್ಲಿ ಬಸುರಿಯರು ಒಂದು ಬಗೆಯ ರಕ್ತಹೀನತೆಯಿಂದ ಸೊರಗುತ್ತಿದ್ದರು. ಸೋಂಕು ಇರಬಹುದೇ ಎಂದು ಹುಡುಕಿದ ಆಕೆ ಕೊನೆಗೆ ಅವರ ಊಟದ ಕಡೆಗೆ ತಿರುಗಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಇಂದು ಜಗತ್ತಿನ ಬಸುರಿಯರೆಲ್ಲ ನುಂಗುವ ಗುಳಿಗೆಯ ಪಾಠವನ್ನು ವೈದ್ಯರಿಗೆ ಮೊದಲು ಕಲಿಸಿದವರು ಮುಂಬಯಿಯ ಕೂಲಿ ಹೆಂಗಸರು. ನಾವು ಅದನ್ನು ಕಪಾಟಿನ ಮೂಲೆಯಲ್ಲಿಡುವುದು ಸರಿಯೇ?

8. ತಾಯಿ ಕಾರ್ಡು ಜೊತೆಗಿರಲಿ

ಬಸಿರು ತಿಳಿದೊಡನೆ, ಮೂರು ತಿಂಗಳೊಳಗೆ, ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಿರಿ. ಕಡಿಮೆಯೆಂದರೂ ನಾಲ್ಕು ತಪಾಸಣೆ ಆಗಲೇಬೇಕು. ಎಂಟು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಪ್ರತಿ ತಪಾಸಣೆಯಲ್ಲೂ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರ ನೋಡಿದರೇ ಎಂದು ಕೇಳಿ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ವಿಶೇಷ ತಪಾಸಣೆಯ ದಿನ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಸುರಿ ಬಾಣಂತಿಯರಿಗೆ ಬಿಸಿಯೂಟವುಂಟು. ಅಲ್ಲಿ ಹೋಗಿ ಉಣ್ಣುವುದು ನಾಚಿಕೆಯಲ್ಲ, ಅದು ಹಕ್ಕು. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯನ್ನು 2017ರಿಂದ ಕಾನೂನು ಕೊಟ್ಟಿದೆ. ವರ್ಷದಲ್ಲಿ 80 ದಿನ ದುಡಿದಿರಬೇಕು.

ಸ್ಕ್ಯಾನಿಂಗ್ ಮಾಡುವುದು ಮಗುವಿನ ಬೆಳವಣಿಗೆ ನೋಡಲು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯ ಪ್ರಕಾರ ಅಪರಾಧ. ದೇವರ ಎದುರಿಗಂತೂ ಅದು ಇನ್ನೂ ದೊಡ್ಡ ಅಪರಾಧ.

ನಮ್ಮ ಕಡೆ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕಳುಹಿಸುವುದು ವಾಡಿಕೆ. ಒಳ್ಳೆಯ ವಾಡಿಕೆ, ಹುಡುಗಿಗೆ ತಾಯಿಯ ಮಡಿಲಿನ ನೆಮ್ಮದಿ ಸಿಗುತ್ತದೆ. ಆದರೆ ಸಂಡೂರಿನ ಗಂಡನ ಮನೆಯಿಂದ ಕಂಪ್ಲಿಯ ತವರಿಗೆ ಬಂದವಳ ವಿಷಯ ಇಲ್ಲಿನ ಆಶಾಗೆ ಗೊತ್ತಿಲ್ಲ, ಅಲ್ಲಿನವಳ ಕಣ್ಣಿಂದ ದೂರವಾದಳು. ಹೀಗೆ ಎರಡೂರಿನ ನಡುವೆ ಏಳನೆಯ, ಎಂಟನೆಯ ತಿಂಗಳು ತಪಾಸಣೆಯಿಲ್ಲದೆ ಜಾರಿಹೋಗುತ್ತವೆ. ಮಗು ಅತಿ ಹೆಚ್ಚು ಕಬ್ಬಿಣ ಎಳೆದುಕೊಳ್ಳುವ ತಿಂಗಳುಗಳೇ ಇವು! ಸೀರೆ, ಬಳೆ, ಬುತ್ತಿಯ ಜೊತೆ ತಾಯಿ ಕಾರ್ಡೂ ಗುಳಿಗೆಯೂ ಗಂಟಿನಲ್ಲಿರಲಿ. ತವರಿಗೆ ಬಂದ ವಾರದಲ್ಲೇ ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಲಿ. ಕಬ್ಬು ಕಡಿಯಲು, ಕೂಲಿಗೆಂದು ಊರು ಬಿಟ್ಟು ಹೋಗುವ ತಾಂಡಾಗಳ ಹೆಂಗಸರಿಗೂ ಇದೇ ಮಾತು.

9. ಒಂದು ಗಳಿಗೆಯೂ ತಡಮಾಡಬಾರದ ಲಕ್ಷಣಗಳು

ಯಾವ ತಿಂಗಳಲ್ಲೇ ಆಗಲಿ ರಕ್ತ ಕಾಣಿಸಿಕೊಂಡರೆ, ವಿಪರೀತ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈ ಊತ ಬಂದರೆ (ರಕ್ತದೊತ್ತಡ ಏರಿ ಫಿಟ್ಸ್ ಬರುವ ಮುನ್ಸೂಚನೆ ಇದು), ಜ್ವರ ಬಂದರೆ, ನೋವಿಲ್ಲದೆ ನೀರು ಹೋದರೆ, ಕೂತಲ್ಲೇ ಏದುಸಿರು ಬಂದರೆ, 28 ವಾರದ ನಂತರ ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆಯಾದರೆ, ಹೆರಿಗೆಯ ನಂತರ ಬಟ್ಟೆ ಮೇಲೆ ಬಟ್ಟೆ ತೊಯ್ದರೆ, ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನು ಮಾಡಿ. ಸಂಡೂರು, ಕಂಪ್ಲಿಗಳಿಂದ ಹೊಸಪೇಟೆಗೆ ಸುಮಾರು 30 ಕಿಲೋಮೀಟರ್, ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60. ರಕ್ತ ಹೋಗುತ್ತಿರುವವಳಿಗೆ ಇದು ದೂರದ ದಾರಿ. ಯಾವ ಆಸ್ಪತ್ರೆ, ಯಾವ ಗಾಡಿ, ರಕ್ತ ಕೊಡುವವರು ಯಾರು ಎಂಬುದನ್ನು ಎಂಟನೆಯ ತಿಂಗಳಲ್ಲೇ ಮನೆಯವರು ಕೂತು ನಿಶ್ಚಯಿಸಿಡಿ.

10. ಆಸ್ಪತ್ರೆಯ ಭಯ

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿ ತನಿಖೆಗೆ ಆಜ್ಞೆ ಮಾಡಿತು. ತೊಟ್ಟಿಲ ಮಕ್ಕಳು ತಾಯಿಯಿಲ್ಲದೆ ಉಳಿದವು. ಆ ಸುದ್ದಿ ಕೇಳಿ ನಮ್ಮ ಕಡೆಯ ಎಷ್ಟೋ ಬಸುರಿಯರ ಎದೆ ನಡುಗಿತು.

ಈ ನೋವನ್ನು ಮುಚ್ಚಿಡಬೇಕಾಗಿಲ್ಲ. ಕೊಡುವ ಔಷಧಿ ಸರಿಯಿದೆಯೇ ಎಂದು ಕೇಳುವ ಹಕ್ಕು ಜನರದ್ದು. ಉತ್ತರ ಕೊಡುವ ಹೊಣೆ ಆಳುವವರದು. ಆದರೆ ಅದಕ್ಕೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸುತ್ತೇವೆ ಎನ್ನುವುದು ಬೆಂಕಿಗೆ ಅಂಜಿ ಹೊಳೆಗೆ ಹಾರಿದಂತೆ. 2018–20ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸತ್ತ ತಾಯಂದಿರ ಸಂಖ್ಯೆ ಇಡೀ ದೇಶದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಪಕ್ಕದ ರಾಜ್ಯ 19ಕ್ಕೆ ಇಳಿಸಿದೆ ಎಂದರೆ ನಮ್ಮಲ್ಲಿ ಸಾಯುವ ತಾಯಂದಿರಲ್ಲಿ ಹೆಚ್ಚಿನವರನ್ನು ಉಳಿಸಬಹುದು ಎಂದೇ ಅರ್ಥ. ಅದನ್ನು ಹಣೆಬರಹ ಎನ್ನಬೇಡಿ, ದೇವರ ಚಿತ್ತ ಎಂದಂತೂ ಎನ್ನಲೇಬೇಡಿ.

11. ನಮ್ಮ ಪಾಲಿನ ಕೆಲಸ

ಗರ್ಭದಲ್ಲಿರುವ ಶಿಶುವಿನ ಜೀವ ಪವಿತ್ರವೆಂದು ನಾವು ನಂಬುತ್ತೇವೆ, ಬೋಧಿಸುತ್ತೇವೆ. ಆ ಶಿಶು ಗಾಳಿಯಲ್ಲಿ ಬೆಳೆಯುವುದಿಲ್ಲ, ತಾಯಿಯ ರಕ್ತದಲ್ಲಿ ಬೆಳೆಯುತ್ತದೆ. ಶಿಶುವನ್ನು ಗೌರವಿಸುವ ಮನೆ ತಾಯಿಯ ತಟ್ಟೆಯನ್ನು ನೋಡಲೇಬೇಕು. ಎಲ್ಲರೂ ಉಂಡ ಮೇಲೆ ತಳ ಹತ್ತಿದ್ದನ್ನು ಸೊಸೆ ಉಣ್ಣುವ ಮನೆಯಲ್ಲಿ ಜಪಮಾಲೆ ಎಷ್ಟು ಹೇಳಿದರೇನು? ಅತ್ತೆಯಂದಿರೇ, ಮೊದಲ ರೊಟ್ಟಿ ಅವಳಿಗೆ ಹಾಕಿ. ಗಂಡಂದಿರೇ, ರಾತ್ರಿ ಪ್ರಾರ್ಥನೆ ಮುಗಿದೊಡನೆ ಗುಳಿಗೆಯನ್ನೂ ನೀರನ್ನೂ ನೀವೇ ಕೈಗೆ ಕೊಡಿ. ನೀರಿನ ಕೊಡ, ಸೌದೆ ಹೊರೆ ನೀವು ಹೊರಿ. ಮಗಳನ್ನು ಹದಿನೆಂಟು ತುಂಬುವ ಮೊದಲು ಮದುವೆ ಮಾಡಬೇಡಿ. ತಾನೇ ಇನ್ನೂ ಬೆಳೆಯುತ್ತಿರುವವಳು ಇನ್ನೊಂದು ಜೀವಕ್ಕೆ ಎಲ್ಲಿಂದ ತಂದುಕೊಟ್ಟಾಳು?

ಧರ್ಮಕೇಂದ್ರದ ಮಹಿಳಾ ಸಂಘದವರು ತಮ್ಮ ಬೀದಿಯ ಬಸುರಿಯರ ಮನೆಗೆ, ಯಾವ ಜಾತಿ ಮತವೆಂದು ನೋಡದೆ, ತಿಂಗಳಿಗೊಮ್ಮೆ ಹೋಗಿ ಬರಬಹುದು. ಉಪದೇಶ ಬೇಡ. ಒಂದು ಕಟ್ಟು ನುಗ್ಗೆಸೊಪ್ಪು, ಎರಡು ನಿಂಬೆಹಣ್ಣು, “ರಕ್ತ ಎಷ್ಟೈತಮ್ಮಾ?” ಎಂಬ ಒಂದು ಮಾತು ಸಾಕು. ಮರಿಯಮ್ಮನವರ ಭೇಟಿಯ ಹಬ್ಬವನ್ನು ನಾವು ಮೇ 31ರಂದು ಆಚರಿಸುತ್ತೇವೆ. ಭೇಟಿ ಮಾತ್ರ ವರ್ಷವಿಡೀ ನಡೆಯಲಿ.

ಕುಟುಂಬದಲ್ಲಿ ಕೂತು ಮಾತನಾಡಲು

1. ನಮ್ಮ ಮನೆಯಲ್ಲಿ, ನೆರೆಯಲ್ಲಿ ಈಗ ಬಸುರಿಯರು ಯಾರಿದ್ದಾರೆ? ಅವರ ಹಿಮೋಗ್ಲೋಬಿನ್ ಅಂಕಿ ಎಷ್ಟು?

2. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಏಕೆ?

3. ಹೆರಿಗೆಯ ರಾತ್ರಿ ಗಾಡಿ, ಹಣ, ರಕ್ತ ಕೊಡುವವರು ಸಿದ್ಧವಿದ್ದಾರೆಯೇ?

4. ತವರಿಗೆ ಹೊರಟ ಮಗಳ ಗಂಟಿನಲ್ಲಿ ತಾಯಿ ಕಾರ್ಡು ಇದೆಯೇ?